ಮೊದಲ ಲೆಕ್ಕಕ್ಕೇ 2 ಕೊಡಬೇಡಿ

ಸಂಪಾದಕರಿಗೆ ನಮಸ್ಕಾರಗಳು.

ನಾನು ಮಂಡ್ಯ ಡಿಪೊದಲ್ಲಿ 29 ವರ್ಷ ಸರ್ಕಾರಿ ಬಸ್ ಓಡಿಸಿ ನಿವೃತ್ತನಾದವನು. ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ನಮ್ಮೂರು ನಾಗಮಂಗಲ ರಸ್ತೆಯಲ್ಲಿ, ಬಸರಾಳಿಗಿಂತ ಸ್ವಲ್ಪ ಈಚೆಗೆ. ಹಿಂದೊಮ್ಮೆ ನಮ್ಮೂರ ತಿರುವಿನಲ್ಲಿ ಫಲಕ ಇಲ್ಲ ಅಂತ ನಿಮಗೆ ಬರೆದಿದ್ದೆ. ನೀವು ಹಾಕಿದಿರಿ, ಫಲಕವೂ ಬಂತು. ಆ ಧೈರ್ಯದ ಮೇಲೆ ಈಗ ಗಣಿತದ ವಿಷಯ ಬರೆಯುತ್ತಿದ್ದೇನೆ. ನಮ್ಮ ಜಿಲ್ಲೆಯ ಗಣಿತ ಮೇಷ್ಟ್ರುಗಳು, ಮೇಡಂಗಳು ಇದನ್ನು ಓದಲಿ ಅನ್ನೋದು ನನ್ನ ಆಸೆ. ಪತ್ರ ಉದ್ದವಾಗಿದೆ. ಮಧ್ಯೆ ಕತ್ತರಿಸಿದರೆ ಲೆಕ್ಕ ಕೆಡುತ್ತದೆ, ದಯವಿಟ್ಟು ಪೂರ್ತಿ ಹಾಕಿ.

ನನ್ನ ಮೊಮ್ಮಗಳು ಒಂಬತ್ತನೇ ತರಗತಿ. ಎಫ್‌ಎ ಒಂದು, ಅಂದರೆ ಶಾಲೆಯ ಮೊದಲ ಕಿರುಪರೀಕ್ಷೆ, ಮುಗಿದು ಪೇಪರ್ ಕೈಗೆ ಬಂದ ದಿನ ಅವಳು ರಾತ್ರಿ ಊಟ ಮಾಡಲಿಲ್ಲ. ಮಾರ್ಕು ಕಮ್ಮಿ ಬಂದಿತ್ತು ಅಂತಲ್ಲ. ಒಂದು ಲೆಕ್ಕಕ್ಕೆ ಕೆಂಪು ಇಂಕಿನಲ್ಲಿ ಅಡ್ಡಗೆರೆ ಎಳೆದಿತ್ತು, ಯಾಕೆ ತಪ್ಪು ಅಂತ ಬರೆದಿರಲಿಲ್ಲ. "ತಾತ, ನಾನು ಎಲ್ಲ ಸರಿಯಾಗೇ ಮಾಡಿದ್ದೀನಿ. ಎಲ್ಲಿ ತಪ್ಪಿದೆ ಅಂತಾನೇ ಗೊತ್ತಾಗ್ತಿಲ್ಲ" ಅಂದಳು. ಮಾರ್ಕು ಹೋದರೆ ಹೋಗಲಿ, ಎಲ್ಲಿ ತಪ್ಪಿದ್ದು ಅಂತ ಗೊತ್ತಾಗದೆ ಮಗು ಮಲಗಿದರೆ ಮನಸ್ಸಿಗೆ ಕಷ್ಟ ಆಗುತ್ತದೆ.

ಲೆಕ್ಕ ಇದು. ಎಕ್ಸ್ ಅನ್ನುವ ಅಕ್ಷರದ ಬದಲು ನಾನು ಇಲ್ಲಿ 'ಕ್ಷ' ಅಂತ ಬರೆಯುತ್ತೇನೆ. 2ಕ್ಷ² − 3ಕ್ಷ + 5 ಅನ್ನುವ ಬಹುಪದೋಕ್ತಿಯಲ್ಲಿ ಕ್ಷ = −2 ಆದಾಗ ಬೆಲೆ ಎಷ್ಟು? ಒಂದು ಮಾರ್ಕು. ಅವಳು ಬರೆದ ಉತ್ತರ 3.

ಭಾನುವಾರ ಅವಳ ಮೂವರು ಗೆಳತಿಯರು ಎಂದಿನಂತೆ ನಮ್ಮ ಜಗಲಿಗೆ ಓದಲು ಬಂದರು. ನಾನು ಅವರ ಪೇಪರನ್ನೂ ಕೇಳಿ ತೆಗೆದುಕೊಂಡೆ. ಒಬ್ಬಳದು 27. ಇನ್ನೊಬ್ಬಳದು 7. ಮತ್ತೊಬ್ಬಳದು 3, ನನ್ನ ಮೊಮ್ಮಗಳ ಹಾಗೇ. "ನೋಡು ತಾತ, ನಮ್ಮಿಬ್ಬರಿಗೂ 3 ಬಂದಿದೆ. ಮಿಸ್ಸೇ ತಪ್ಪು ನೋಡಿರಬೇಕು" ಅಂತ ಇವಳಿಗೆ ಧೈರ್ಯ ಬಂತು. ನನಗೂ ಒಂದು ಗಳಿಗೆ ಹಾಗೇ ಅನ್ನಿಸಿತು. ಇಬ್ಬರು ಬೇರೆ ಬೇರೆ ಕೂತು ಮಾಡಿ ಒಂದೇ ಉತ್ತರ ಬಂದರೆ ಅದು ಸರಿ ಇರಬೇಕು ಅಲ್ವಾ?

ಅಲ್ಲ. ಉತ್ತರ 19. −2 ಇಂಟು −2 ಅಂದರೆ 4, ಅದರ ಎರಡರಷ್ಟು 8; −3 ಇಂಟು −2 ಅಂದರೆ 6; ಅದಕ್ಕೆ 5 ಸೇರಿ 19. ನಾಲ್ವರದ್ದೂ ತಪ್ಪು.

ನಾನು ಒಬ್ಬೊಬ್ಬಳನ್ನೂ ಕೂರಿಸಿಕೊಂಡು "ಹೇಗೆ ಬಂತು, ಬಾಯಲ್ಲಿ ಹೇಳು" ಅಂದೆ. ಉತ್ತರ ಬಿಟ್ಟು ದಾರಿ ಕೇಳಿದಾಗಲೇ ವಿಷಯ ತಿಳಿದದ್ದು. ನನ್ನ ಮೊಮ್ಮಗಳು ಕ್ಷ ತೆಗೆದು −2 ಬರೆದಿದ್ದಾಳೆ, ಬ್ರಾಕೆಟ್ ಹಾಕಿಲ್ಲ. ಹಾಳೆಯಲ್ಲಿ −2² ಅಂತ ಇದೆ. ಅದನ್ನು ಅವಳು 'ಎರಡರ ವರ್ಗ ನಾಲ್ಕು, ಮುಂದೆ ಮೈನಸ್' ಅಂತ ಓದಿ −4 ಮಾಡಿದಳು. ಎರಡರಿಂದ ಗುಣಿಸಿದರೆ −8. ಅದಕ್ಕೆ 6, ಮತ್ತೆ 5 ಕೂಡಿಸಿದರೆ 3. ಬರೆದದ್ದನ್ನು ಅವಳು ಓದಿದ ರೀತಿ ಸರಿಯಾಗೇ ಇದೆ. ತಪ್ಪು ಬರೆಯುವಾಗಲೇ ಆಗಿದೆ. ವರ್ಗ ಮಾಡಬೇಕಾದ್ದು ಬರೀ 2 ಅಲ್ಲ, ಮೈನಸ್ ಸಮೇತ ಇಡೀ −2. ಅದನ್ನು (−2)² ಅಂತ ಬರೆದಿದ್ದರೆ ಈ ತಪ್ಪು ಆಗುತ್ತಲೇ ಇರಲಿಲ್ಲ.

ಇನ್ನೊಂದು 3 ಬರೆದ ಹುಡುಗಿಯದು ಬೇರೆಯೇ ಕಥೆ. ಅವಳಿಗೆ ಮೇಲೆ ಚಿಕ್ಕದಾಗಿ ಬರೆಯುವ 2 ಅಂದರೆ 'ಎರಡರಿಂದ ಗುಣಿಸು' ಅಂತ ಮನಸ್ಸಿನಲ್ಲಿದೆ. −2 ಇಂಟು 2, −4. ಅಲ್ಲಿಂದ ಮುಂದೆ ಇಬ್ಬರ ಲೆಕ್ಕವೂ ಒಂದೇ. ಒಬ್ಬಳಿಗೆ ಬ್ರಾಕೆಟ್ ಗೊತ್ತಿಲ್ಲ, ಇನ್ನೊಬ್ಬಳಿಗೆ ವರ್ಗ ಅಂದರೇನು ಅನ್ನೋದೇ ಗೊತ್ತಿಲ್ಲ. ಇಬ್ಬರ ಪೇಪರಿನಲ್ಲೂ ಒಂದೇ 3, ಒಂದೇ ಕೆಂಪು ಗೆರೆ. ಇಬ್ಬರಿಗೂ ಒಂದೇ ಪಾಠ ಮತ್ತೆ ಹೇಳಿದರೆ ಒಬ್ಬಳಿಗೆ ಮಾತ್ರ ಉಪಯೋಗ.

27 ಬರೆದವಳು ಮೊದಲು 2 ಮತ್ತು −2 ಗುಣಿಸಿ −4 ಮಾಡಿಕೊಂಡು, ಆಮೇಲೆ ಅದರ ವರ್ಗ ಮಾಡಿದ್ದಾಳೆ. 16, 6, 5 ಸೇರಿ 27. ಮೇಲಿನ 2 ಕ್ಷ ಒಂದಕ್ಕೇ ಸೇರಿದ್ದು, ಮುಂದಿರುವ 2 ಅನ್ನು ಅದು ಮುಟ್ಟುವುದಿಲ್ಲ ಅಂತ ಅವಳಿಗೆ ಯಾರೂ ಬಿಡಿಸಿ ಹೇಳಿಲ್ಲ. 7 ಬರೆದವಳು ವರ್ಗವನ್ನು ಸರಿಯಾಗಿಯೇ ಮಾಡಿದ್ದಾಳೆ, 8 ಬಂದಿದೆ. −3 ಇಂಟು −2 ಅನ್ನುವಲ್ಲಿ +6 ಬದಲು −6 ಬರೆದಳು. ಮೈನಸ್ ಗಮನಿಸದೆ ಕ್ಷ = 2 ಹಾಕಿದವರಿಗೂ ಇದೇ 7 ಬರುತ್ತದೆ, ಬೇಕಾದರೆ ಮಾಡಿ ನೋಡಿ.

ಇಷ್ಟನ್ನೂ ನಾನೇ ಕಂಡುಹಿಡಿದೆ ಅಂತ ಹೇಳುತ್ತಿಲ್ಲ. ಮಂಡ್ಯದಲ್ಲಿ ಒಬ್ಬರು ನಿವೃತ್ತ ಗಣಿತ ಮೇಷ್ಟ್ರು ಇದ್ದಾರೆ. ನನ್ನ ಬಸ್ಸಿನಲ್ಲೇ ಹನ್ನೊಂದು ವರ್ಷ ಶಾಲೆಗೆ ಓಡಾಡಿದವರು, ಯಾವಾಗಲೂ ಡ್ರೈವರ್ ಹಿಂದಿನ ಸೀಟು. ನಾಲ್ಕೂ ಪೇಪರ್ ಎತ್ತಿಕೊಂಡು ಅವರ ಮನೆಗೆ ಹೋದೆ. ಎರಡು ಗಂಟೆ ಕೂತು ಹೇಳಿಕೊಟ್ಟರು. ಮರುವಾರ ಅವರೇ ನಮ್ಮ ಜಗಲಿಗೆ ಬಂದರು.

ಅವರು ಮಕ್ಕಳ ನೋಟ್ಸ್ ತಿರುವಿ ನೋಡಿ ಮೊದಲು ಹೇಳಿದ ಮಾತೇ ಈ ಪತ್ರದ ತಲೆಬರಹ. ನೋಟ್ಸಿನಲ್ಲಿ ಬೆಲೆ ಹಾಕಿ ನೋಡುವ ಲೆಕ್ಕಗಳಿಗೆ ಕೊಟ್ಟ ಸಂಖ್ಯೆಗಳು 0, 1, 2. ಚಿಕ್ಕ ಸಂಖ್ಯೆ, ಮಕ್ಕಳಿಗೆ ಸುಲಭ ಅಂತ ಕೊಟ್ಟಿರುತ್ತಾರೆ, ಒಳ್ಳೆಯ ಉದ್ದೇಶವೇ. ಆದರೆ ಈ ಮೂರು ಸಂಖ್ಯೆಗಳು ಮಕ್ಕಳ ತಪ್ಪನ್ನು ಮುಚ್ಚಿಡುತ್ತವೆ. 0 ಹಾಕಿದರೆ ಕ್ಷ ಇರುವ ಭಾಗಗಳೆಲ್ಲ ಅಳಿಸಿಹೋಗಿ ಕೊನೆಯ 5 ಮಾತ್ರ ಉಳಿಯುತ್ತದೆ. ನಮ್ಮ ನಾಲ್ಕು ಹುಡುಗಿಯರಿಗೂ ಅಲ್ಲಿ ಫುಲ್ ಮಾರ್ಕು. 1 ಹಾಕಿದರೆ ವರ್ಗ ಮಾಡಿದರೂ ಒಂದೇ, ಮಾಡದಿದ್ದರೂ ಒಂದೇ. ಇನ್ನು 2. ಎರಡರ ವರ್ಗ ನಾಲ್ಕು, ಎರಡರ ಎರಡರಷ್ಟೂ ನಾಲ್ಕು! ವರ್ಗವನ್ನು ಎರಡರಷ್ಟು ಅಂದುಕೊಂಡಿರುವ ಮಗುವಿಗೂ ಉತ್ತರ ಸರಿಯಾಗೇ ಬರುತ್ತದೆ. ಟಿಕ್ ಬೀಳುತ್ತದೆ. ಆ ಟಿಕ್ ನೋಡಿ ಮಗು ತನಗೆ ಬಂತು ಅಂದುಕೊಳ್ಳುತ್ತದೆ. ತಪ್ಪು ತಿಳಿವಳಿಕೆ ಅಲ್ಲೇ ಗಟ್ಟಿಯಾಗುತ್ತದೆ.

ಬದಲಿಗೆ 3 ಕೊಡಿ. ಮೂರರ ವರ್ಗ 9, ಮೂರರ ಎರಡರಷ್ಟು 6. ತಪ್ಪು ಮಾಡಿದ ಮಗು ತಕ್ಷಣ ಸಿಗುತ್ತದೆ. ನಮ್ಮ ಲೆಕ್ಕದಲ್ಲಿ 3 ಹಾಕಿದರೆ ಸರಿ ಉತ್ತರ 14. ವರ್ಗವನ್ನು ಎರಡರಷ್ಟು ಅಂದುಕೊಂಡರೆ 8, ಮುಂದಿನ 2 ಸೇರಿಸಿ ವರ್ಗ ಮಾಡಿದರೆ 32. ಮುಂದಿನ ಲೆಕ್ಕಕ್ಕೆ −3 ಕೊಡಿ. ಸರಿ ಉತ್ತರ 32. ಬ್ರಾಕೆಟ್ ಮರೆತವಳಿಗೆ −4 ಬರುತ್ತದೆ, ಎರಡರಷ್ಟು ಮಾಡಿದವಳಿಗೆ 2. ಈಗ ಇಬ್ಬರೂ ಒಂದೇ ಉತ್ತರದ ಹಿಂದೆ ಅಡಗುವುದಿಲ್ಲ. ಉತ್ತರ ನೋಡಿದ ಕೂಡಲೇ ಯಾವ ಮಗುವಿಗೆ ಏನು ಹೇಳಬೇಕು ಅಂತ ಮೇಡಂಗೆ ತಿಳಿಯುತ್ತದೆ. ಅರವತ್ತು ಮಕ್ಕಳ ತರಗತಿಯಲ್ಲಿ ಒಬ್ಬೊಬ್ಬರನ್ನೂ ಕೂರಿಸಿಕೊಂಡು ಕೇಳಲು ಆಗುವುದಿಲ್ಲ, ನನಗೆ ಅರ್ಥ ಆಗುತ್ತದೆ. ಅದಕ್ಕೇ ಹೇಳುತ್ತಿದ್ದೇನೆ, ಕೊಡುವ ಸಂಖ್ಯೆಯನ್ನು ಯೋಚಿಸಿ ಕೊಟ್ಟರೆ ಅರ್ಧ ಕೆಲಸ ಅದೇ ಮಾಡುತ್ತದೆ.

ಇನ್ನೊಂದು ವಿಷಯ 'ಆದೇಶಿಸು' ಅನ್ನುವ ಪದದ್ದು. ಪುಸ್ತಕದಲ್ಲಿ 'ಕ್ಷ = −2 ಎಂದು ಆದೇಶಿಸಿದಾಗ' ಅಂತ ಬರುತ್ತದೆ. ನಮಗೆ ಆದೇಶ ಅಂದರೆ ಸರ್ಕಾರದ ಆದೇಶ, ಡಿಸಿ ಸಾಹೇಬರ ಆದೇಶ. ಮಕ್ಕಳಿಗೂ ಹಾಗೇ. ಏನೋ ದೊಡ್ಡ ವಿಷಯ ಅಂತ ಹೆದರಿ ಬಾಯಿಪಾಠ ಮಾಡುತ್ತಾರೆ. ಅವತ್ತು ಮೇಷ್ಟ್ರು "ಆದೇಶ ಅನ್ನೋ ಮಾತು ಬೇರೆ ಎಲ್ಲಾದರೂ ಕೇಳಿದ್ದೀರಾ?" ಅಂತ ಕೇಳಿದರು. ಎಲ್ಲ ಸುಮ್ಮನಿದ್ದರು. 27 ಬರೆದ ಹುಡುಗಿ ಮೆಲ್ಲಗೆ "ಆದೇಶ ಸಂಧಿ" ಅಂದಳು. ಮೇಷ್ಟ್ರಿಗೆ ಎಷ್ಟು ಖುಷಿಯಾಯಿತು ಅಂದರೆ, ಎದ್ದು ನಿಂತುಬಿಟ್ಟರು.

ಮಳೆ, ಕಾಲ ಸೇರಿ ಮಳೆಗಾಲ. ಕಕಾರ ಹೋಗಿ ಅದರ ಜಾಗದಲ್ಲಿ ಗಕಾರ ಬಂದು ಕೂರುತ್ತದೆ. ಬೆಟ್ಟ, ತಾವರೆ ಸೇರಿ ಬೆಟ್ಟದಾವರೆ. ಒಂದು ಅಕ್ಷರ ಎದ್ದು ಹೋದ ಜಾಗದಲ್ಲಿ ಇನ್ನೊಂದು ಬಂದು ಕೂರುವುದೇ ಆದೇಶ. ಗಣಿತದಲ್ಲೂ ಅದೇ. ಕ್ಷ ಎದ್ದು ಹೋಗುತ್ತದೆ, −2 ಬಂದು ಅದೇ ಜಾಗದಲ್ಲಿ ಕೂರುತ್ತದೆ. ಕ್ಷ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಕೂರಬೇಕು, ಒಂದು ಕಡೆ ಬಿಟ್ಟು ಇನ್ನೊಂದು ಕಡೆ ಅಲ್ಲ. ಆ ಜಾಗದ ಗುರುತೇ ಬ್ರಾಕೆಟ್. ಮೊದಲು ಕ್ಷ ಅಳಿಸಿ ಖಾಲಿ ಬ್ರಾಕೆಟ್ ಬರೆಯಿರಿ: 2( )² − 3( ) + 5. ಆಮೇಲೆ ಎರಡೂ ಬ್ರಾಕೆಟ್ಟಿನೊಳಗೆ −2 ಇಡಿ. ಮೇಷ್ಟ್ರು ಇಷ್ಟೇ ಹೇಳಿದ್ದು. ಹತ್ತು ನಿಮಿಷದಲ್ಲಿ ನಾಲ್ಕೂ ಹುಡುಗಿಯರಿಗೆ 19 ಬಂತು. ಕನ್ನಡ ಪಿರಿಯಡ್ಡಿನಲ್ಲಿ ಕಲಿತದ್ದು ಗಣಿತದ ಪಿರಿಯಡ್ಡಿಗೆ ಬರಲು ಇಷ್ಟು ವರ್ಷ ಬೇಕಿತ್ತೇ ಅಂತ ನನಗೆ ಬೇಸರವೂ ಆಯಿತು, ಸಂತೋಷವೂ ಆಯಿತು. ಕನ್ನಡ ಮಾಧ್ಯಮದ ಮಕ್ಕಳ ಕೈಯಲ್ಲಿ ಈ ಮಾತು ಆಗಲೇ ಇದೆ. ನಾವು ಎತ್ತಿ ತೋರಿಸಬೇಕು ಅಷ್ಟೇ.

ಮೈನಸ್ ಇಂಟು ಮೈನಸ್ ಪ್ಲಸ್ ಯಾಕೆ ಅನ್ನುವುದನ್ನೂ ಹೀಗೇ ಹೇಳಬಹುದು. ಪುಸ್ತಕದಲ್ಲಿ ಮೈನಸ್ ಸಂಖ್ಯೆಗೆ ಋಣ ಸಂಖ್ಯೆ ಅನ್ನುತ್ತಾರೆ. ಋಣ ಅಂದರೆ ಸಾಲ. 7 ಬರೆದ ಹುಡುಗಿಯ ತಾಯಿ ಸ್ತ್ರೀಶಕ್ತಿ ಸಂಘದಲ್ಲಿ ಸಾಲ ಮಾಡಿದ್ದಾರೆ. "ತಿಂಗಳಿಗೆ ಎರಡು ಸಾವಿರ ಕಂತು. ಮೂರು ಕಂತು ಕಟ್ಟಬೇಕಾಗಿಲ್ಲ ಅಂತ ಬಿಟ್ಟರೆ ನಿಮ್ಮ ಅಮ್ಮನ ಕೈಯಲ್ಲಿ ಎಷ್ಟು ಉಳಿಯುತ್ತೆ?" ಅಂತ ಕೇಳಿದೆ. "ಆರು ಸಾವಿರ" ಅಂದಳು, ಯೋಚನೆ ಮಾಡದೇ. ಸಾಲದ ಎರಡು, ಮೂರು ಸಲ ತೆಗೆದುಹಾಕಿದ್ದು. −3 ಇಂಟು −2 ಅಂದರೆ ಅದೇ ಆರು. ಆ ಹುಡುಗಿ ಇನ್ನು ಮೇಲೆ ಅಲ್ಲಿ ತಪ್ಪುವುದಿಲ್ಲ ಅಂತ ನನಗೆ ನಂಬಿಕೆ ಇದೆ.

ಮೇಷ್ಟ್ರು ಇನ್ನೊಂದು ವಿಷಯ ಹೇಳಿದರು, ಅದು ನಮ್ಮ ನಾಡಿನದು. ಸುಮಾರು 850ರ ಹೊತ್ತಿಗೆ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು ಅಂತ ದೊಡ್ಡ ಗಣಿತಜ್ಞರು ಇದ್ದರು. ಧನದ (ಪ್ಲಸ್ ಸಂಖ್ಯೆಯ) ವರ್ಗವೂ ಧನ, ಋಣದ ವರ್ಗವೂ ಧನ, ಆದ್ದರಿಂದ ಋಣ ಸಂಖ್ಯೆಗೆ ವರ್ಗಮೂಲ ಇಲ್ಲ ಅಂತ ಅವರು ಸ್ಪಷ್ಟವಾಗಿ ಬರೆದಿಟ್ಟಿದ್ದಾರೆ. ನನ್ನ ಮೊಮ್ಮಗಳು ಎಫ್‌ಎ ಪೇಪರಿನಲ್ಲಿ ಎಡವಿದ್ದು ಸರಿಯಾಗಿ ಆ 'ಋಣದ ವರ್ಗವೂ ಧನ' ಅನ್ನುವ ಜಾಗದಲ್ಲಿ. ಸಾವಿರದ ನೂರಕ್ಕೂ ಜಾಸ್ತಿ ವರ್ಷದ ಹಿಂದೆ ಬರೆದಿಟ್ಟದ್ದನ್ನು ನಮ್ಮ ಮಕ್ಕಳಿಗೆ ಒಂದು ಸಲ ಹೇಳಬಾರದೇ?

ಮಕ್ಕಳು ತಮ್ಮ ಉತ್ತರವನ್ನು ತಾವೇ ಪರೀಕ್ಷೆ ಮಾಡಿಕೊಳ್ಳಲು ಇನ್ನೊಂದು ದಾರಿಯನ್ನೂ ಅವರು ತೋರಿಸಿದರು. ಹಾರ್ನರ್ ಅನ್ನುವವರ ಹೆಸರಿನಲ್ಲಿದೆಯಂತೆ. ವರ್ಗವನ್ನೇ ಮಾಡುವುದಿಲ್ಲ. ಮುಂದಿನ 2 ಅನ್ನು −2ರಿಂದ ಗುಣಿಸಿ, −4. ಅದಕ್ಕೆ −3 ಸೇರಿಸಿ, −7. ಮತ್ತೆ −2ರಿಂದ ಗುಣಿಸಿ, 14. ಕೊನೆಗೆ 5 ಸೇರಿಸಿ, 19. ಎರಡು ದಾರಿಯಲ್ಲಿ ಹೋಗಿ ಒಂದೇ ಊರು ಸೇರಿದರೆ ನಿಶ್ಚಿಂತೆ. ಗೆಳತಿಯ ಉತ್ತರದ ಜೊತೆ ಹೋಲಿಸುವುದಕ್ಕಿಂತ ಇದು ಮೇಲು.

ಇಷ್ಟಕ್ಕೆ ಒಬ್ಬ ಬಸ್ ಡ್ರೈವರ್ ಪತ್ರಿಕೆಗೆ ಬರೆಯಬೇಕೇ ಅಂತ ಕೇಳಬಹುದು. ನಾನು ಬರೆಯಲೇಬೇಕು. ಯಾಕೆಂದರೆ ಈ ಲೆಕ್ಕವನ್ನು ನಾನು 29 ವರ್ಷ ಕಾಲಿನಲ್ಲಿ ಮಾಡಿದ್ದೇನೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ತರಬೇತಿಯಲ್ಲಿ ಒಬ್ಬ ಹಿರಿಯ ಬೋಧಕರು ಬೋರ್ಡಿನ ಮೇಲೆ ಒಂದು ಸೂತ್ರ ಬರೆದಿದ್ದರು. ಗಂಟೆಗೆ ಎಷ್ಟು ಕಿಲೋಮೀಟರ್ ವೇಗದಲ್ಲಿ ಇದ್ದೀರೋ ಅದನ್ನು ಹತ್ತರಿಂದ ಭಾಗಿಸಿ. ಬಂದದ್ದನ್ನು 'ವ' ಅನ್ನೋಣ. ಎದುರಿಗೆ ಏನೋ ಕಂಡು, ನೀವು ಬ್ರೇಕ್ ತುಳಿದು, ಗಾಡಿ ಪೂರ್ತಿ ನಿಲ್ಲಲು ಬೇಕಾದ ದೂರ ಮೀಟರಿನಲ್ಲಿ ವ² + 3ವ. ಒಣ ರಸ್ತೆ, ಒಳ್ಳೆಯ ಬ್ರೇಕ್ ಇರುವ ಕಾರಿಗೆ ಇದು ಅಂದಾಜು. ತುಂಬಿದ ಬಸ್ಸಿಗೆ ಇನ್ನೂ ಜಾಸ್ತಿ ಬೇಕು. ಸೂತ್ರದಲ್ಲಿರುವ 3ವ ಅಂದರೆ, ಕಣ್ಣಿಗೆ ಕಂಡು ಕಾಲು ಬ್ರೇಕಿನ ಮೇಲೆ ಹೋಗುವ ಆ ಸುಮಾರು ಒಂದು ಸೆಕೆಂಡಿನಲ್ಲಿ ಗಾಡಿ ಓಡಿಬಿಡುವ ದೂರ. ವ² ಅಂದರೆ ಬ್ರೇಕ್ ಹಿಡಿದ ಮೇಲೆ ಓಡುವ ದೂರ. ಅಲ್ಲಿ ವರ್ಗ ಯಾಕೆ ಬಂತು ಅಂದರೆ, ವೇಗ ಎರಡರಷ್ಟಾದರೆ ಗಾಡಿಯ ಚಲನ ಶಕ್ತಿ ನಾಲ್ಕರಷ್ಟಾಗುತ್ತದೆ. ಮಕ್ಕಳ ಒಂಬತ್ತನೇ ತರಗತಿ ವಿಜ್ಞಾನ ಪುಸ್ತಕದಲ್ಲೇ ಇದೆ.

ಜಗಲಿ ಮೇಲೆ ಮಕ್ಕಳಿಗೆ ಇದನ್ನು ಕೊಟ್ಟೆ. 20 ಕಿ.ಮೀ. ವೇಗಕ್ಕೆ ವ = 2 ಹಾಕಿದರು, 4 ಮತ್ತು 6 ಸೇರಿ 10 ಮೀಟರ್. 40ಕ್ಕೆ 28. 60ಕ್ಕೆ 54. 80ಕ್ಕೆ 88. ನಮ್ಮ ಮಂಡ್ಯದ ಮೇಲೆ ಹೋಗುವ ಬೆಂಗಳೂರು ಮೈಸೂರು ಹೆದ್ದಾರಿಯಲ್ಲಿ ಕಾರುಗಳಿಗೆ ಇರುವ ಮಿತಿ 100. ಅದಕ್ಕೆ 130 ಮೀಟರ್. ವೇಗ 20ರಿಂದ 100ಕ್ಕೆ, ಐದರಷ್ಟಾಯಿತು. ದೂರ 10ರಿಂದ 130ಕ್ಕೆ, ಹದಿಮೂರರಷ್ಟಾಯಿತು. ಮಕ್ಕಳು ಪೆನ್ಸಿಲ್ ಕೆಳಗಿಟ್ಟು ಸುಮ್ಮನೆ ಆ ಸಂಖ್ಯೆಗಳನ್ನೇ ನೋಡುತ್ತಾ ಕೂತರು.

ಆಮೇಲೆ ನನ್ನ ಮೊಮ್ಮಗಳು ಒಂದು ವಿಷಯ ಹಿಡಿದಳು. ನಿಂತ ಗಾಡಿಗೆ 0. ಅಲ್ಲಿಂದ 10, 28, 54, 88, 130. ಒಂದರಿಂದ ಒಂದಕ್ಕೆ ಎಷ್ಟು ಜಾಸ್ತಿ ಅಂತ ಕಳೆದು ಬರೆದಳು: 10, 18, 26, 34, 42. "ತಾತ, ಇದು ಪ್ರತಿ ಸಲ ಎಂಟೆಂಟೇ ಜಾಸ್ತಿ ಆಗ್ತಿದೆ!" ಅಂದಳು. ನನಗೆ ಅದು ಗೊತ್ತಿರಲಿಲ್ಲ. ಮೇಷ್ಟ್ರಿಗೆ ಫೋನ್ ಮಾಡಿ ಕೇಳಿದೆ. ವರ್ಗ ಇರುವ ಇಂಥ ಲೆಕ್ಕದಲ್ಲಿ ಸಮ ಅಂತರದ ಬೆಲೆಗಳನ್ನು ಹಾಕುತ್ತಾ ಹೋದರೆ, ವ್ಯತ್ಯಾಸಗಳ ವ್ಯತ್ಯಾಸ ಯಾವಾಗಲೂ ಒಂದೇ ಇರುತ್ತದೆ ಅಂದರು. ಒಂದು ಬೆಲೆ ಹಾಕಿ ಬಿಟ್ಟಿದ್ದರೆ ಅದು ಅವಳ ಕಣ್ಣಿಗೆ ಬೀಳುತ್ತಿರಲಿಲ್ಲ. ಆರು ಬೆಲೆ ಹಾಕಿ ಸಾಲಾಗಿ ಬರೆದದ್ದಕ್ಕೆ ಬಿತ್ತು. ಪರೀಕ್ಷೆಯಲ್ಲಿ ಒಂದೇ ಬೆಲೆ ಕೇಳಲಿ, ತರಗತಿಯಲ್ಲಿ ದಯವಿಟ್ಟು ಐದಾರು ಹಾಕಿಸಿ.

27 ಬರೆದ ಹುಡುಗಿ "ಮೈನಸ್ 3 ಹಾಕಿದರೆ ಏನಾಗುತ್ತೆ?" ಅಂತ ಕೇಳಿದಳು. (−3)² ಅಂದರೆ 9, 3(−3) ಅಂದರೆ −9, ಎರಡೂ ಸೇರಿ ಸೊನ್ನೆ. ಹೀಗೆ ಉತ್ತರವನ್ನು ಸೊನ್ನೆ ಮಾಡುವ ಬೆಲೆಗೆ 'ಶೂನ್ಯತೆ' ಅನ್ನುತ್ತಾರೆ, ಮುಂದಿನ ವರ್ಷ ಹತ್ತನೇ ತರಗತಿಯಲ್ಲಿ ಇದನ್ನೇ ದೊಡ್ಡದಾಗಿ ಓದುತ್ತಾರೆ. ರಸ್ತೆಯ ಮೇಲೆ ಮೈನಸ್ 30 ವೇಗಕ್ಕೆ ಈ ಸೂತ್ರದಲ್ಲಿ ಅರ್ಥ ಇಲ್ಲ ಅಂತಲೂ ಅವಳೇ ಹೇಳಿದಳು. ಬ್ರಾಕೆಟ್ ಹಾಕದಿದ್ದರೆ ಇಲ್ಲಿ −18 ಬರುತ್ತಿತ್ತು. ಈ ಸಲ ಯಾರೂ ಮರೆಯಲಿಲ್ಲ.

ಅವತ್ತು ನಾನು ಮಕ್ಕಳಿಗೆ ಹೇಳಿದ ಒಂದು ಘಟನೆಯನ್ನು ಇಲ್ಲೂ ಬರೆಯುತ್ತೇನೆ. 1999ರ ಜನವರಿ, ಸಂಕ್ರಾಂತಿಗೆ ಒಂದು ವಾರ ಇತ್ತು. ನಾಗಮಂಗಲದಿಂದ ಮಂಡ್ಯಕ್ಕೆ ಬರುವ ರಾತ್ರಿ ಬಸ್ಸು. ಬಸರಾಳು ದಾಟಿದ್ದೆ. ಮುಂದೆ ಕಾರ್ಖಾನೆಗೆ ಕಬ್ಬು ಹೇರಿಕೊಂಡು ಹೊರಟಿದ್ದ ಎತ್ತಿನ ಗಾಡಿ. ಹಿಂದೆ ಲಾಂದ್ರ ಇಲ್ಲ, ಏನೂ ಇಲ್ಲ. ಹೆಡ್‌ಲೈಟಿಗೆ ಮೊದಲು ಕಂಡದ್ದು ಗಾಡಿಯ ಹಿಂದೆ ಚಾಚಿಕೊಂಡಿದ್ದ ಕಬ್ಬಿನ ತುದಿ. ನಾನು 60ರಲ್ಲಿ ಇದ್ದೆ. ಬ್ರೇಕ್ ತುಳಿದೆ. ಬಸ್ಸು ನಿಂತಾಗ ಕಬ್ಬಿನ ಸೋಗೆ ಮುಂದಿನ ಗಾಜಿಗೆ ತಾಗಿ ಸದ್ದು ಮಾಡುತ್ತಿತ್ತು. ಗಾಡಿಯ ಮೇಲೆ ಒಬ್ಬ ಅಜ್ಜ, ಪಕ್ಕದಲ್ಲಿ ಏಳೆಂಟು ವರ್ಷದ ಹುಡುಗ ನಿದ್ದೆ ಮಾಡುತ್ತಿದ್ದ. ಅವನಿಗೆ ಎಚ್ಚರವೂ ಆಗಲಿಲ್ಲ.

ಅವತ್ತು ಲೇಟಾಗಿತ್ತು. ಮಂಡ್ಯದಲ್ಲಿ ಕೊನೆ ಬಸ್ ಹಿಡಿಯಬೇಕಾದವರು ಇದ್ದರು, ಬೇಗ ಹೋಗಿ ಅಂತ ಕೇಳಿಕೊಂಡಿದ್ದರು. 70ರಲ್ಲಿ ಹೋಗಬಹುದಿತ್ತು. ಹೋಗಲಿಲ್ಲ.

ಹೋಗಿದ್ದರೆ ಏನಾಗುತ್ತಿತ್ತು ಅಂತ ಮಕ್ಕಳಿಗೆ ಸೂತ್ರಕ್ಕೆ ಹಾಕಿ ನೋಡಲು ಹೇಳಿದೆ. ಸೂತ್ರ ಕಾರಿನದು, ನನ್ನದು ಬಸ್ಸು. ಆದರೂ ಹೋಲಿಸಿ ನೋಡಲು ಸಾಕು. 60ಕ್ಕೆ 54 ಮೀಟರ್. 70ಕ್ಕೆ 49 ಮತ್ತು 21, ಒಟ್ಟು 70 ಮೀಟರ್. "16 ಮೀಟರ್ ಮುಂದೆ ಹೋಗಿ ನಿಲ್ಲುತ್ತಿತ್ತು" ಅಂದರು. ಅಷ್ಟೇ ಅಲ್ಲ. ಗಾಡಿ ಇದ್ದ ಆ ಜಾಗ ಮುಟ್ಟುವಾಗ ಬಸ್ಸು ಎಷ್ಟು ವೇಗದಲ್ಲಿ ಇರುತ್ತಿತ್ತು? ಮೊದಲ 21 ಮೀಟರ್ ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಮುಗಿಯಿತು. 54ರಲ್ಲಿ ಉಳಿದದ್ದು 33. ಪೂರ್ತಿ ನಿಲ್ಲಲು ಬ್ರೇಕಿಗೆ ಬೇಕಾದದ್ದು 49. ಇನ್ನೂ 16 ಬಾಕಿ. ವ² = 16, ವ = 4. ಅಂದರೆ 40 ಕಿ.ಮೀ. ವೇಗ. 60ರಲ್ಲಿ ಬಂದರೆ ಸೋಗೆ ಗಾಜಿಗೆ ತಾಗುವ ಜಾಗದಲ್ಲಿ, 70ರಲ್ಲಿ ಬಂದ ಬಸ್ಸು ಇನ್ನೂ 40ರಲ್ಲಿ ಇರುತ್ತದೆ. ಆ ಹುಡುಗ ಈಗ ಮೂವತ್ತು ದಾಟಿರಬೇಕು.

ಹತ್ತು ಕಿಲೋಮೀಟರ್ ಅಂದರೆ ಹತ್ತೇ ಅಲ್ವಾ ಅಂತ ನಮ್ಮ ಹುಡುಗರು ಅಂದುಕೊಳ್ಳುತ್ತಾರೆ. ವರ್ಗ ಇರುವ ಲೆಕ್ಕದಲ್ಲಿ ಒಂದೊಂದೇ ಬೆಲೆ ಹಾಕಿ ನೋಡಿದವರು ಹಾಗೆ ಅಂದುಕೊಳ್ಳುವುದಿಲ್ಲ. ಒಂಬತ್ತನೇ ತರಗತಿ ಮುಗಿದು ಮೂರು ನಾಲ್ಕು ವರ್ಷಕ್ಕೆ ಈ ಮಕ್ಕಳ ಕೈಗೆ ಬೈಕ್ ಬರುತ್ತದೆ. ನಮ್ಮ ಊರುಗಳಲ್ಲಿ ಎಷ್ಟು ಮನೆಗಳ ಗೋಡೆ ಮೇಲೆ ಹಾರ ಹಾಕಿದ ಚಿಕ್ಕ ಹುಡುಗರ ಫೋಟೊ ಇದೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು.

ಹಾಗಾಗಿ ಇದನ್ನು ಬರೀ ಒಂದು ಮಾರ್ಕಿನ ಲೆಕ್ಕ ಅಂತ ಬಿಡಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಒಂದು ಟ್ಯೂಷನ್ನಿನಲ್ಲಿ "ಒಂದು ಮಾರ್ಕಿನದು ಬಿಡಿ, ಶೂನ್ಯತೆ, ಸೂತ್ರ ನೋಡಿಕೊಳ್ಳಿ" ಅಂದರಂತೆ. ಶೂನ್ಯತೆ ಸರಿಯಾಗಿದೆಯಾ ಅಂತ ನೋಡುವುದೂ ಬೆಲೆ ಹಾಕಿಯೇ ಅಲ್ವಾ? ಪೇಪರ್ ತಿದ್ದುವಾಗ ತಪ್ಪು ಆದ ಸಾಲಿನ ಕೆಳಗೆ ಒಂದು ಗೆರೆ ಎಳೆಯಿರಿ, ಉತ್ತರದ ಮೇಲೆ ಅಡ್ಡಗೆರೆ ಮಾತ್ರ ಸಾಲದು. ಖಾಲಿ ಬ್ರಾಕೆಟ್ ಮೊದಲು ಬರೆಸಿ. 3 ಕೊಡಿ, −3 ಕೊಡಿ, 2 ಆಮೇಲೆ ಬರಲಿ. ನಿಮ್ಮ ಮೇಲೆ ಎಷ್ಟು ಕೆಲಸ ಇದೆ ಅಂತ ತಿಳಿದೇ ಕೇಳುತ್ತಿದ್ದೇನೆ.

ಕಳೆದ ಭಾನುವಾರ ಜಿಟಿಜಿಟಿ ಮಳೆ. ಒದ್ದೆ ರಸ್ತೆಗೆ ಏನು ಮಾಡೋದು ಅಂತ ಮಕ್ಕಳು ಕೇಳಿದರು. ಒದ್ದೆಯಲ್ಲಿ ಬ್ರೇಕಿನ ದೂರ ಸುಮಾರು ಎರಡರಷ್ಟು ಇಟ್ಟುಕೊಳ್ಳಿ, ಕಾಲು ಬ್ರೇಕಿಗೆ ಹೋಗುವ ದೂರ ಮಾತ್ರ ಅಷ್ಟೇ ಇರುತ್ತದೆ ಅಂದೆ. 27 ಬರೆದಿದ್ದ ಹುಡುಗಿಯೇ 2ವ² + 3ವ ಅಂತ ಬರೆದಳು. "ಮೊದಲು ವರ್ಗ, ಆಮೇಲೆ ಎರಡರಷ್ಟು" ಅಂತ ತಾನೇ ಹೇಳಿಕೊಂಡು 6 ಹಾಕಿದಳು. 72 ಮತ್ತು 18. ನಾಲ್ವರೂ ಸೇರಿ ಡ್ರಾಯಿಂಗ್ ಹಾಳೆಯಲ್ಲಿ ಒಂದು ಪಟ್ಟಿ ಮಾಡಿದ್ದಾರೆ, ಒಂದು ಕಡೆ 'ಬೇಸಿಗೆಕಾಲ', ಇನ್ನೊಂದು ಕಡೆ 'ಮಳೆಗಾಲ'. ಮಳೆಗಾಲದ ಗಕಾರದ ಕೆಳಗೆ ನನ್ನ ಮೊಮ್ಮಗಳು ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದಾಳೆ. ನನ್ನ ಮಗ ಗೂಡ್ಸ್ ಆಟೊ ಓಡಿಸುತ್ತಾನೆ. ಆ ಪಟ್ಟಿ ಈಗ ಅವನ ಗಾಡಿಯೊಳಗೆ, ಸ್ಟೇರಿಂಗ್ ಪಕ್ಕದಲ್ಲಿ ಅಂಟಿಸಿದೆ. 60ರ ಎದುರು ಒಂದು ಕಡೆ 54, ಇನ್ನೊಂದು ಕಡೆ 90 ಅಂತ ಇದೆ.

ಇತಿ ನಿಮ್ಮ ಓದುಗ,
ನಿವೃತ್ತ ಬಸ್ ಚಾಲಕ,
ಮಂಡ್ಯ ತಾಲ್ಲೂಕು